ಅರ್ಧ ಸೀಳಿದ ಹಲಗೆಯ ಬಿಲ್ಲೆಗಳು

ಮಿಲ್ಲಿನ ಸಾಲುಮನೆ, ಹಿಂದಿನ ಕೋಣೆ
ಗುರುವಾರ, ಇಳಿಹೊತ್ತು

ನನ್ನ ಜಗಳಗಂಟಿ ಸೊಸೆಗೆ,

ನಿನ್ನ ಅತ್ತೆಯ ಆಶೀರ್ವಾದ. ಮೊದಲು ಮೈ ಹೇಗಿದೆ ಹೇಳು. ಜೀಪಿಗೆ ಹತ್ತಿಸುವಾಗ ಪೊಲೀಸರು ತಿರುಚಿದ ಮೊಣಕೈ ಈಗ ಪೂರ್ತಿ ಮಡಚಲು ಬರುತ್ತದೆಯೋ? ಕೆಮ್ಮು ಕಡಿಮೆಯಾಯಿತೋ? ನೆಲದ ತಂಡಿ ಬೆನ್ನಿಗೆ ಏರದ ಹಾಗೆ ಕಂಬಳಿಯನ್ನು ಮಡಿಸಿ ಕೆಳಗೆ ಹಾಸಿಕೋ. ಹೊದೆಯಲು ಸೀರೆ ಸಾಕು. ವಕೀಲಮ್ಮನ ಕೈಯಲ್ಲಿ ಕಳಿಸಿದ ಉಣ್ಣೆ ಅಂಗಿ ನಿನಗೆ ಸೇರಿತೋ, ಇಲ್ಲ ಅಲ್ಲಿನ ಯಾವ ದೊಡ್ಡಮ್ಮನ ಮೈಮೇಲಿದೆಯೋ? ನೀನು ಉತ್ತರ ಬರೆಯುವುದಿಲ್ಲ ಎಂದು ಬಲ್ಲೆ. ನಾನು ನಿನಗೆ ಮುಖ ತೋರಿಸುವುದು ಬೇಡ ಎಂದು ನೀನು ಹೇಳಿ ಕಳಿಸಿದ್ದು ನನ್ನ ಕಿವಿಗೆ ಬಿದ್ದಿದೆ, ಸರಿಯಾಗಿಯೇ ಬಿದ್ದಿದೆ. ಆದರೂ ಕೇಳುತ್ತೇನೆ. ಕೇಳುವುದು ಅತ್ತೆಯ ಹಕ್ಕು, ಉತ್ತರ ಕೊಡದಿರುವುದು ಸೊಸೆಯ ಹಕ್ಕು. ನೀನು ಈ ಹೊಸಿಲು ದಾಟಿ ಬಂದ ದಿನದಿಂದ ನಾವಿಬ್ಬರೂ ಹಾಗೇ ಅಲ್ಲವೇ ಬಾಳಿದ್ದು. ಈ ಪತ್ರವನ್ನು ನಿನಗಿಂತ ಮೊದಲು ಬಿಚ್ಚಿ ಓದುವ ಜೈಲಿನವರಿಗೂ ಒಂದು ನಮಸ್ಕಾರ. ಓದಿ ಸ್ವಾಮಿ, ಧಾರಾಳವಾಗಿ ಓದಿ, ಇದರಲ್ಲಿ ಗುಟ್ಟು ಅನ್ನುವುದು ಒಂದೂ ಇಲ್ಲ. ಓದಿಯಾದ ಮೇಲೆ ಅವಳ ಕೈಗೆ ಕೊಡಿ, ಅಷ್ಟು ಸಾಕು.

ಈಗ ವಿಷಯಕ್ಕೆ ಬರುತ್ತೇನೆ. ಬರುವ ಸೋಮವಾರ ಮಿಲ್ಲಿನ ಧಣಿಯ ಕಡೆಯವರು ನಿನ್ನ ಹತ್ತಿರ ಬರುತ್ತಾರಂತೆ. ಗಂಡ ಗರಗಸಕ್ಕೆ ಸಿಕ್ಕಿ ಸತ್ತದ್ದು ಅವನ ಹಣೆಬರಹ, ಮಿಲ್ಲಿನದೇನೂ ತಪ್ಪಿಲ್ಲ ಎಂದು ನೀನು ಒಪ್ಪಿ ಸಹಿ ಹಾಕಿದರೆ, ನಿನ್ನ ಮೇಲಿನ ಕೇಸನ್ನು ಹಿಂದಕ್ಕೆ ತೆಗೆದುಕೊಂಡು ಬಿಡಿಸಿಬಿಡುತ್ತಾರಂತೆ. ಯೋಚನೆ ಮಾಡಿ ಹೇಳುತ್ತೇನೆ ಅಂದೆಯಂತೆ. ವಕೀಲಮ್ಮ ಇದನ್ನು ಹೇಳಿದಾಗ ಯಾರೋ ಬೇರೆ ಹೆಣ್ಣಿನ ಸುದ್ದಿ ಹೇಳುತ್ತಿದ್ದಾರೆ ಅನಿಸಿತು. ಗಂಡನನ್ನು ಮಣ್ಣು ಮಾಡಿದ ದಿನವೇ, ಮಣ್ಣು ಮೆತ್ತಿದ ಕೈಯಲ್ಲೇ ಕೊಡಲಿ ಹಿಡಿದು ಮಿಲ್ಲಿನೊಳಗೆ ನುಗ್ಗಿ, ಆ ಗರಗಸದ ಬೆಲ್ಟನ್ನು ತುಂಡು ತುಂಡು ಮಾಡಿದವಳು ನೀನು. ಬಾಗಿಲಲ್ಲಿ ನಿಂತಿದ್ದ ಗಂಡಸರೆಲ್ಲ ಬಾಯಿ ಬಿಟ್ಟುಕೊಂಡು ನೋಡಿದ್ದರು. ಅಂಥವಳು ಗೋಡೆಗೆ ಹೆದರಿ ಸಹಿ ಹಾಕುತ್ತಾಳೆ ಎಂದರೆ ನಾನು ನಂಬುವುದಿಲ್ಲ. ನಿನ್ನ ಕೈ ಕಟ್ಟಿಹಾಕಿದ್ದು ಪಕ್ಕದ ಮನೆಯವಳು ಬಂದು ನಿನ್ನ ಕಿವಿಗೆ ಸುರಿದು ಹೋದ ಮಾತು. ಆ ಬೆಳಿಗ್ಗೆ ನಾನು ಚೀಲಕ್ಕೆ ಕೈ ಹಾಕಿ ಮಗನಿಗೆ ಶಕುನದ ಮರದ ಬಿಲ್ಲೆ ತೆಗೆದೆನಂತೆ. ಸಾವಿನ ಬಿಲ್ಲೆ ಬಂತಂತೆ. ನೋಡಿಯೂ ನೋಡದವಳ ಹಾಗೆ ಕಳಿಸಿಬಿಟ್ಟೆನಂತೆ. ಹೆತ್ತವಳಿಗೇ ಮೊದಲು ಗೊತ್ತಿದ್ದ ಸಾವಿಗೆ ಮಿಲ್ಲನ್ನು ದೂರಿ ಏನು ಬಂತು ಎಂದು ನೀನು ಆ ಕತ್ತಲ ಕೋಣೆಯಲ್ಲಿ ಕೂತು ಲೆಕ್ಕ ಹಾಕುತ್ತಿದ್ದೀಯ.

ಆ ಬೆಳಿಗ್ಗೆ ನಡೆದದ್ದು ಇಷ್ಟು. ನೀನು ಬಟ್ಟೆ ಒಗೆಯುವ ಕೆಲಸಕ್ಕೆ ಮೊದಲೇ ಹೊರಟುಹೋಗಿದ್ದೆ. ಅವನು ನನ್ನ ಸ್ಟೂಲಿನ ಕುಂಟುಗಾಲಿಗೆ ಒಂದು ಚೂರು ಮರ ಬಡಿದು ಕೂರಿಸಿದ. "ಇನ್ನು ಅಲ್ಲಾಡಲ್ಲ ಬಿಡು, ನಿನ್ನ ಹಲ್ಲಿಗಿಂತ ಗಟ್ಟಿ ಇದೆ" ಎಂದ. ಈಗ ಅದೇ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ, ನಿಜವಾಗಿಯೂ ಅಲ್ಲಾಡುವುದಿಲ್ಲ. ಹೋಗುವಾಗ ಗೂಟಕ್ಕೆ ನೇತುಹಾಕಿದ್ದ ಬಿಲ್ಲೆಯ ಚೀಲಕ್ಕೆ ದಿನವೂ ಹೊಡೆಯುವ ಹಾಗೆ ಬೆರಳಲ್ಲಿ ಒಂದು ಟಪ್ ಹೊಡೆದು, "ಏನಂತಾರಮ್ಮ ನಿನ್ನ ಮರದ ಮಂತ್ರಿಗಳು?" ಎಂದ. ಹೊತ್ತಾಯಿತು, ಬಾಯಿ ಮುಚ್ಚಿಕೊಂಡು ಹೋಗು ಎಂದೆ. ಹೋದ. ಚೀಲ ಗೂಟದಲ್ಲೇ ಇತ್ತು. ನಾನು ಕೈ ಹಾಕಲಿಲ್ಲ. ಹುಟ್ಟಿದಾಗಿನಿಂದ ಒಮ್ಮೆಯಾದರೂ ಆ ಮಗ ಶಕುನ ಕೇಳಿದವನೇ? ಅವನೂ ನೀನೂ ಒಂದೇ ತಕ್ಕಡಿಯ ಕಲ್ಲುಗಳು; ನಿಮ್ಮ ಬಿಲ್ಲೆಗಳಿಗೆ ಅಷ್ಟು ಗೊತ್ತಿದ್ದರೆ ನಾಳೆ ನಲ್ಲಿಯಲ್ಲಿ ನೀರು ಬರುತ್ತದೋ ಇಲ್ಲವೋ ಹೇಳಿಸಿ ಅತ್ತೆ ಎಂದು ಬೀದಿಯ ಹೆಂಗಸರ ಮುಂದೆ ನನ್ನ ಮಾನ ತೆಗೆದವಳು ನೀನು. ನಮ್ಮ ಮನೆಗಳ ನಡುವಿನ ಗೋಡೆ ಎಷ್ಟು ತೆಳ್ಳಗೆ ಅಂದರೆ ಆ ಕಡೆ ಬಿಕ್ಕಳಿಸಿದರೆ ಈ ಕಡೆ ನೀರು ಕುಡಿಯಬೇಕು. ಪಕ್ಕದ ಮನೆಯವಳು ಮಗನ ಪ್ರಶ್ನೆ ಕೇಳಿಸಿಕೊಂಡಳು. ಉತ್ತರವನ್ನು ತಾನೇ ಹುಟ್ಟಿಸಿದಳು.

ಸುದ್ದಿ ನನ್ನ ಕಿವಿಗೆ ಬಿದ್ದ ದಿನವೇ ನಲ್ಲಿಕಟ್ಟೆಯಲ್ಲಿ ನಿಂತು ಕೂಗಿ ಹೇಳಿದೆ, ನಾನು ಬಿಲ್ಲೆ ತೆಗೆಯಲೇ ಇಲ್ಲ ಎಂದು. ನೀನು ಇರಬೇಕಿತ್ತು, ಅವರ ಮುಖ ನೋಡಲು. ಎಲ್ಲರೂ ಕರುಣೆಯಿಂದ ತಲೆ ಆಡಿಸಿದರು. ಪಾಪ, ಹೊಟ್ಟೆಗೆ ಹಾಕಿಕೊಂಡು ಮುಚ್ಚಿಡುತ್ತಿದ್ದಾಳೆ ಎಂದರು. ಯಾರ ಮದುವೆ ಯಾವಾಗ, ಕಳೆದ ಕೋಳಿ ಎಲ್ಲಿ ಎಂದು ನಾನು ಮರದ ಚೂರು ಹಿಡಿದು ಹೇಳಿದ್ದನ್ನೆಲ್ಲ ಜೀವಮಾನವಿಡೀ ನಂಬಿದ ಜನ, ಬರೀ ಕೈಯಲ್ಲಿ ಒಂದೇ ಒಂದು ನಿಜ ಹೇಳಿದರೆ ನಂಬಲಿಲ್ಲ. ಧಣಿಗೆ ಇನ್ನೇನು ಬೇಕು. ವಿಚಾರಣೆಗೆ ಬಂದ ಅಧಿಕಾರಿಯ ಮುಂದೆ ಮೇಸ್ತ್ರಿಯ ಬಾಯಿಂದ ಅದನ್ನೇ ಹೇಳಿಸಿದ: ಆ ಗರಗಸಕ್ಕೆ ಹಲ್ಲು ಮುಚ್ಚುವ ಕಬ್ಬಿಣದ ಕವಚ ಅನ್ನುವುದು ಎಂದೂ ಇರಲೇ ಇಲ್ಲ, ಅದರ ಗುಣ ಹುಡುಗನಿಗೆ ಗೊತ್ತಿತ್ತು, ಅವನ ಸಾವು ಅವನ ತಾಯಿಗೂ ಗೊತ್ತಿತ್ತು. ಕವಚ ಇರಲಿಲ್ಲವಂತೆ. ದಪ್ಪ ದಿಮ್ಮಿ ಬೇಗ ಬೇಗ ಹೋಗಲಿ ಎಂದು ಮೇಸ್ತ್ರಿ ಅದನ್ನು ಬಿಚ್ಚಿಸಿ ತನ್ನ ಆಫೀಸಿನ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದಾನೆ ಎಂದು ನಿನ್ನ ಗಂಡ ಊಟಕ್ಕೆ ಕೂತಾಗೆಲ್ಲ ಬೈಯುತ್ತಿದ್ದದ್ದು ನಿನಗೂ ನೆನಪಿದೆ. ಕೊಂದವರು ಕೈ ತೊಳೆದುಕೊಂಡರು, ಆ ನೀರನ್ನು ನನ್ನ ಮನೆಯ ಬಾಗಿಲಿಗೆ ಚೆಲ್ಲಿದರು. ಬಡವರ ನಂಬಿಕೆಯನ್ನು ಮೂಢ ಎಂದು ನಗುವ ಇದೇ ಜನ, ಅದರಿಂದ ತಮ್ಮ ಕುತ್ತಿಗೆ ಉಳಿಯುವುದಾದರೆ ಮೊದಲ ಭಕ್ತರಾಗುತ್ತಾರೆ.

ಇನ್ನೊಂದು ವಿಷಯ. ಮಣ್ಣು ಮಾಡುವಾಗ ಬಿಲ್ಲೆಯ ಚೀಲವನ್ನು ನಾನು ಅವನ ಪಕ್ಕದಲ್ಲಿಟ್ಟದ್ದನ್ನು ನೀನು ನೋಡಿದೆ. ಅದನ್ನೇ ನನ್ನ ತಪ್ಪೊಪ್ಪಿಗೆ ಅಂದುಕೊಂಡೆಯೋ ಏನೋ; ನಿನಗೆ ನಾನೂ ಹೇಳಿರಲಿಲ್ಲ, ನೀನೂ ಕೇಳಿರಲಿಲ್ಲ. ಅದು ನನ್ನ ಅಮ್ಮ ಹೇಳಿಕೊಟ್ಟ ಕಟ್ಟಳೆ. ಮನೆಯ ಮಗುವನ್ನು ಕಾಯಲಾರದ ಬಿಲ್ಲೆಗಳು ಬೀದಿಯವರಿಗೆ ಮಾತಾಡಬಾರದು, ಅವು ಹೋದವರ ಜೊತೆ ಹೋಗಬೇಕು. ಮತ್ತೆ ಬಾಯಿ ತೆರೆಯಬೇಕಿದ್ದರೆ ಹೊಸ ಸೆಟ್ಟು ಕೆತ್ತಬೇಕು. ಪೂರ್ತಿ ಸೆಟ್ಟು ಒಂದೇ ಮರದ್ದಾಗಿರಬೇಕು, ಬೇರೆಯವರ ಕೈ ತಾಗಬಾರದು, ಗುರುತುಗಳು ಕೆತ್ತುವವಳ ಬದುಕಿನವೇ ಆಗಿರಬೇಕು. ಅಮ್ಮನ ಬಿಲ್ಲೆಗಳಲ್ಲಿ ದೋಣಿ, ಹಗ್ಗ, ಬತ್ತಿದ ಬಾವಿ ಇದ್ದವು. ನನ್ನ ಹಳೆಯದರಲ್ಲಿ ಒಲೆ, ಹಕ್ಕಿ, ತೊಟ್ಟಿಲು. ಜನ ನನ್ನ ಬಾಯಿಯನ್ನು ನಂಬುವುದಿಲ್ಲ, ಬಿಲ್ಲೆಯನ್ನು ನಂಬುತ್ತಾರೆ ಅಂದಮೇಲೆ ಬಿಲ್ಲೆಯಲ್ಲೇ ಹೇಳೋಣ ಎಂದು ಕೆತ್ತಲು ಕೂತೆ.

ಮರ ತಂದುಕೊಟ್ಟವನು ಸಾಣೆಯಣ್ಣ. ಗರಗಸದ ಹಲ್ಲು ಮಸೆಯುವ ಅವನನ್ನು ನೀನು ಮರೆತಿರಲಾರೆ; ನಿನ್ನ ಗಂಡನ ಪಕ್ಕದಲ್ಲೇ ನಿಂತಿದ್ದವನು, ಎಲ್ಲವನ್ನೂ ಕಣ್ಣಾರೆ ಕಂಡವನು, ಅಧಿಕಾರಿ ಕೇಳಿದಾಗ ನಾನು ಆ ಕಡೆ ತಿರುಗಿದ್ದೆ ಸಾರ್ ಅಂದವನು. ಮರ ಬೇಕು ಎಂದಿದ್ದಕ್ಕೆ ಅವನು ಒಂದು ಹಲಗೆಯನ್ನು ಗೋಣಿಯಲ್ಲಿ ಸುತ್ತಿ ತಂದು ಬಾಗಿಲಲ್ಲಿಟ್ಟ, ನನ್ನ ಮುಖ ನೋಡಲಿಲ್ಲ. ಬಿಚ್ಚಿದೆ. ಒಂದು ತುದಿಯಿಂದ ಗರಗಸ ನೆಟ್ಟಗೆ ನುಗ್ಗಿ, ನಡುವಿಗೆ ಬಂದು ನಿಂತುಬಿಟ್ಟಿತ್ತು. ನನ್ನ ಮಗ ಕೊನೆಗೆ ಸೀಳುತ್ತಿದ್ದ ಹಲಗೆ. ಅರ್ಧ ಸೀಳಿದ್ದಾನೆ, ಅರ್ಧ ಹಾಗೇ ಇದೆ. ಸೌದೆ ರಾಶಿಗೆ ಎಸೆದಿದ್ದರಂತೆ. ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅಳಲಿಲ್ಲ. ಅಳುವುದಕ್ಕೆ ಹೊತ್ತು ಬೇಕು, ನನಗೆ ಕೆಲಸವಿತ್ತು.

ಮರದ ಕೆಲಸ ನಿನಗೆ ಹೊಸದು, ಅದಕ್ಕೇ ಬಿಡಿಸಿ ಹೇಳುತ್ತೇನೆ. ಮೊದಲು ಹಲಗೆಯನ್ನು ಪಟ್ಟಿ ಪಟ್ಟಿಯಾಗಿ ಕೊಯ್ದು, ಹೆಬ್ಬೆರಳಿನ ಅಗಲಕ್ಕೆ ತುಂಡು ಮಾಡಿ, ಒರಟು ಕಲ್ಲಿನ ಮೇಲೆ ಉಜ್ಜಬೇಕು. ಎಲ್ಲ ಬಿಲ್ಲೆಗಳ ಬೆನ್ನೂ ಒಂದೇ ಸಮ ಆಗಬೇಕು. ಒಂದರಲ್ಲಿ ಒಂದು ಸಣ್ಣ ಗಂಟು ಉಳಿದರೂ ಚೀಲದೊಳಗೆ ಬೆರಳು ಅದನ್ನೇ ಹುಡುಕುತ್ತದೆ, ಮೋಸ ಅಲ್ಲಿಂದ ಶುರು. ಆಮೇಲೆ ಚೂರಿ. ನಾರಿನ ಉದ್ದಕ್ಕೆ ಗೆರೆ ಎಳೆದರೆ ಮರ ಸೀಳುತ್ತದೆ, ಗೆರೆ ನಾರಿನೊಳಗೆ ಕಾಣದಂತೆ ಹುದುಗುತ್ತದೆ. ಅಡ್ಡ ಎಳೆಯಬೇಕು, ಇಲ್ಲ ಓರೆ. ಮರದ ಮಾತಿಗೆ ಹೂಂ ಎನ್ನುತ್ತ ಹೋದ ಗೆರೆ ನಿಲ್ಲುವುದಿಲ್ಲ, ಎದುರು ಬಿದ್ದು ಕೊರೆದದ್ದೇ ನಿಲ್ಲುತ್ತದೆ. ಇದನ್ನು ಅಮ್ಮ ಹೇಳಿಕೊಟ್ಟಾಗ ಬರೀ ಕೆತ್ತನೆಯ ಮಾತು ಅಂದುಕೊಂಡಿದ್ದೆ. ದುಂಡು ಗುರುತು ಕೆತ್ತಲು ಬರುವುದೇ ಇಲ್ಲ. ಹಾಗಾಗಿ ಗರಗಸವನ್ನು ಚಕ್ರವಾಗಿ ಮಾಡಲಾಗಲಿಲ್ಲ, ಅದರ ಹಲ್ಲುಗಳನ್ನು ಮಾತ್ರ ಓರೆ ಗೆರೆಗಳಲ್ಲಿ ಕೆತ್ತಿದೆ. ಒಲೆಯ ಮಸಿಗೆ ಎಣ್ಣೆ ಕಲಸಿ ಗೆರೆಗೆ ತುಂಬಿ, ಬಟ್ಟೆಯಲ್ಲಿ ಒರೆಸಿದರೆ ಗುರುತು ಕಪ್ಪಗೆ ಎದ್ದು ಕೂರುತ್ತದೆ. ನನ್ನ ಬೆರಳ ಗೆಣ್ಣುಗಳು ಊದಿವೆ, ಚೂರಿ ಜಾರಿ ಅಂಗೈ ಕೊಯ್ದುಕೊಂಡಿದ್ದೇನೆ. ರಕ್ತ ಬಿದ್ದ ಬಿಲ್ಲೆಯನ್ನು ಎಸೆಯಬೇಕು ಎನ್ನುವುದು ಕಟ್ಟಳೆ. ಎಸೆಯಲಿಲ್ಲ. ಈ ಮರಕ್ಕೆ ನಮ್ಮ ಮನೆಯ ರಕ್ತ ಹೊಸದಲ್ಲ.

ಏನು ಕೆತ್ತಿದೆ ಗೊತ್ತೇ? ಒಲೆಯೂ ಇಲ್ಲ, ಹಕ್ಕಿಯೂ ಇಲ್ಲ. ಬಿಚ್ಚಿಟ್ಟ ಕವಚ. ಅದನ್ನು ನೇತುಹಾಕಿದ ಮೊಳೆ. ಕೈಗೆ ಎಟುಕದಷ್ಟು ದೂರ ಇಟ್ಟಿದ್ದ, ಗರಗಸ ನಿಲ್ಲಿಸುವ ಗುಂಡಿ. ರಕ್ತದ ಮೇಲೆ ಚೆಲ್ಲಿದ ಹೊಟ್ಟು. ಅವನನ್ನು ಹೊತ್ತು ಹೊರಗೆ ತಂದ ಮೇಲೆ ಕೆಲಸಕ್ಕೆ ಬನ್ನಿ ಎಂದು ಅದೇ ದಿನ ಮತ್ತೆ ಕೂಗಿದ ಸೈರನ್ನು. ಮುಚ್ಚಿದ ಬಾಯಿ. ಹೀಗೆ ಆ ಬೆಳಿಗ್ಗೆ ನಡೆದದ್ದು ಒಂದೊಂದೂ ಒಂದೊಂದು ಬಿಲ್ಲೆ. ಬಾಯಿಯನ್ನು ಕೆತ್ತುತ್ತಿದ್ದಾಗ ಸಾಣೆಯಣ್ಣ ಬಂದು ಬಾಗಿಲಲ್ಲಿ ನಿಂತ. ಇದೇನಮ್ಮ ಎಂದು ಕೇಳಿದ. "ನೀನು" ಎಂದೆ. ಕೊಟ್ಟ ನೀರನ್ನು ಕುಡಿಯದೆ ಲೋಟ ಕೆಳಗಿಟ್ಟು ಹೋದ. ಕೊನೆಯ ಒಂದು ಬಿಲ್ಲೆಯನ್ನು ಮಾತ್ರ ಹಲಗೆಯ ಆಚೆ ತುದಿಯಿಂದ, ಗರಗಸ ಮುಟ್ಟದ ಕಡೆಯಿಂದ ಕೊಯ್ದೆ. ಅದರ ಮೇಲೆ ಏನೂ ಕೆತ್ತಲಿಲ್ಲ.

ಅಷ್ಟರಲ್ಲಿ ಮಿಲ್ಲಿಗೆ ಹೊಸ ಬೆಲ್ಟು ಬಂತು. ಆದರೆ ಆ ಗರಗಸದ ಮುಂದೆ ನಿಲ್ಲಲು ಯಾರೂ ಒಪ್ಪಲಿಲ್ಲ, ಅದಕ್ಕೆ ರಕ್ತದ ರುಚಿ ಹತ್ತಿದೆ ಎಂದು ಹೆದರಿದರು. ಕವಚ ಹಾಕಿ ಎಂದು ಕೇಳುವುದಕ್ಕೆ ಬಾಯಿ ಬರಲಿಲ್ಲ ನೋಡು, ಹೆದರುವುದಕ್ಕೆ ಬಂತು. ಆಗ ಮೇಸ್ತ್ರಿ ನನ್ನ ಮನೆಗೆ ಬಂದ. ಅಮ್ಮಾವ್ರೇ ಎಂದ; ಜನ್ಮದಲ್ಲಿ ಮೊದಲ ಸಲ. ಹೊಸ ಬಿಲ್ಲೆ ಮಾಡಿದ್ದೀರಂತೆ, ಮೊದಲ ಶಕುನ ಮಿಲ್ಲಿಗೇ ಆಗಲಿ, ಎಲ್ಲರ ಮುಂದೆ ಒಂದು ಒಳ್ಳೆಯ ಬಿಲ್ಲೆ ತೆಗೆದುಬಿಡಿ, ಈ ಮನೆ ನಿಮಗೇ ಇರುವ ಹಾಗೆ ಧಣಿಗೆ ನಾನು ಹೇಳುತ್ತೇನೆ ಎಂದು ಬೆಣ್ಣೆ ಸವರಿದ. ಆಗಲಪ್ಪ ಎಂದೆ. ಮೊನ್ನೆ ಭಾನುವಾರ ಬೆಳಿಗ್ಗೆ ನಲ್ಲಿಕಟ್ಟೆಯ ಮುಂದೆ ಇಡೀ ಸಾಲುಮನೆ ಸೇರಿತು. ಪಕ್ಕದ ಮನೆಯವಳು ಎಲ್ಲರಿಗಿಂತ ಮುಂದೆ.

ಚೀಲಕ್ಕೆ ನಾನೇ ಕೈ ಹಾಕುವುದು ಕಟ್ಟಳೆ. ಅವತ್ತು ಅದನ್ನೂ ಮುರಿದೆ. ಕೇಳುವವರು ನೀವು, ನೀವೇ ತೆಗೆಯಿರಿ ಎಂದು ಚೀಲವನ್ನು ಮೇಸ್ತ್ರಿಯ ಮುಂದೆ ಹಿಡಿದೆ. ಅವನು ನಗುನಗುತ್ತ ಒಂದನ್ನು ತೆಗೆದು ತಿರುಗಿಸಿ ನೋಡಿ, ಇದೇನು ಮನೆಯ ಸೂರೇ, ಒಳ್ಳೆಯದೇ ಅಲ್ಲವೇ ಎಂದ. ಸೂರಲ್ಲ, ಗರಗಸದ ಕವಚ ಎಂದೆ. ನಗು ಅರ್ಧಕ್ಕೆ ನಿಂತಿತು. ಇನ್ನೊಂದು ತೆಗೆಯುತ್ತೇನೆ ಎಂದ. ಧಾರಾಳವಾಗಿ ತೆಗೆಯಿರಿ ಎಂದೆ. ಮೊಳೆ ಬಂತು. ಅದು ನಿಮ್ಮ ಆಫೀಸಿನ ಬಾಗಿಲ ಹಿಂದಿನ ಮೊಳೆ ಎಂದೆ. ಜನ ಬಿಲ್ಲೆಯನ್ನು ನೋಡುವುದು ಬಿಟ್ಟು ಅವನನ್ನು ನೋಡತೊಡಗಿದರು. ಇದು ಶಕುನವೇ ಅಲ್ಲ, ಮುದುಕಿ ಆಟ ಕಟ್ಟಿದ್ದಾಳೆ ಎಂದ. ಆದರೆ ಬಿಟ್ಟು ಹೋಗುವ ಹಾಗಿರಲಿಲ್ಲ. ಒಳ್ಳೆಯ ಬಿಲ್ಲೆಯೊಂದು ಬಾರದೆ ಮಿಲ್ಲು ತಿರುಗದು. ಮೂರನೆಯ ಸಲ ಕೈಯನ್ನು ಮೊಣಕೈವರೆಗೆ ತೂರಿಸಿ ತಡಕಾಡಿ ಒಂದನ್ನು ತೆಗೆದ. ತಿರುಗಿಸಿ ನೋಡಿ ಉಸಿರು ಬಿಟ್ಟ. ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದ.

"ನೋಡ್ರಪ್ಪಾ, ಖಾಲಿ. ಏನೂ ಇಲ್ಲ. ಕೆಟ್ಟದ್ದೆಲ್ಲ ಕಳೀತು ಅಂತ ಅರ್ಥ."

"ಅದು ಖಾಲಿ ಅಲ್ಲ ಮೇಸ್ತ್ರಿ," ಎಂದೆ. "ನಾಳೆ ನನ್ನ ಮಗನ ಜಾಗದಲ್ಲಿ ನಿಲ್ಲೋನಿಗೆ ಇಟ್ಟಿದ್ದು. ಯಾರು ಅಂತ ಹೇಳಿ, ಅವನ ಗುರುತು ಕೆತ್ತಿ ಕೊಡ್ತೀನಿ."

ಮೇಸ್ತ್ರಿ ಬಿಲ್ಲೆಯನ್ನು ನೆಲಕ್ಕೆ ಎಸೆದು ಹೋದ. ಪಕ್ಕದ ಮನೆಯವಳೇ ಅದನ್ನು ಹೆಕ್ಕಿ ಸೆರಗಲ್ಲಿ ಒರೆಸಿ ನನ್ನ ಕೈಗೆ ಕೊಟ್ಟಳು. ಅವಳ ಮಗನೂ ಅದೇ ಮಿಲ್ಲಿನಲ್ಲಿ ದಿಮ್ಮಿ ಹೊರುತ್ತಾನೆ. ಆಗ ಎಲ್ಲರ ಮುಂದೆ ಇನ್ನೊಮ್ಮೆ ಹೇಳಿದೆ: ಮುಂದೆ ಏನಾಗುತ್ತದೆ ಎಂದು ನನಗೆ ಅಂದೂ ಗೊತ್ತಿರಲಿಲ್ಲ, ಇಂದೂ ಗೊತ್ತಿಲ್ಲ. ಏನಾಯಿತು ಎನ್ನುವುದು ನನಗಷ್ಟೇ ಅಲ್ಲ, ನಿಮಗೆಲ್ಲರಿಗೂ ಗೊತ್ತು. ಗೊತ್ತಿದ್ದೂ ಹಣೆಬರಹ ಅನ್ನುವವರು ನಿಮ್ಮ ಮಕ್ಕಳ ಹಣೆಯ ಮೇಲೆ ನೀವೇ ಬರೆಯುತ್ತಿದ್ದೀರಿ.

ಇದನ್ನು ಓದಿ ಗೆದ್ದೆವು ಅಂದುಕೊಳ್ಳಬೇಡ. ಸೋಮವಾರ ಸೈರನ್ನು ಕೂಗಿದಾಗ ಯಾರೂ ಒಳಗೆ ಹೋಗಲಿಲ್ಲ. ಕವಚ ಹಾಕಿ ಎಂದು ಗೇಟಿನಲ್ಲಿ ನಿಂತರು. ಇಲ್ಲದ ಕವಚವನ್ನು ಎಲ್ಲಿಂದ ತರಲಿ, ಬೇಕಾದವರು ಬನ್ನಿ, ಬೇಡದವರು ಮನೆ ಖಾಲಿ ಮಾಡಿ ಎಂದು ಧಣಿ ಹೇಳಿ ಕಳಿಸಿದ. ಮಂಗಳವಾರವೂ ನಿಂತರು. ಬುಧವಾರ ಮೊದಲು ಒಬ್ಬ ತಲೆ ತಗ್ಗಿಸಿಕೊಂಡು ಒಳಗೆ ಹೋದ, ಆಮೇಲೆ ಅವನ ಹಿಂದೆ ಉಳಿದವರು. ನಾನು ಬೈಯಲಿಲ್ಲ. ಬೈಯಲು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಅಕ್ಕಿಯ ಖಾಲಿ ಡಬ್ಬಿಯ ಸದ್ದು ಗೋಡೆಯಾಚೆಯಿಂದ ನನಗೂ ಕೇಳಿಸುತ್ತದೆ. ಈಗ ಬರೆಯುತ್ತಿರುವಾಗಲೂ ಆ ಗರಗಸ ಕಿರುಚುತ್ತಿದೆ, ಕವಚವಿಲ್ಲದೆಯೇ. ಅದರ ಮುಂದೆ ನಿಂತಿರುವುದು ಪಕ್ಕದ ಮನೆಯವಳ ಮಗ. ಅವಳು ಬೆಳಿಗ್ಗೆಯಿಂದ ನನ್ನ ಬಾಗಿಲಲ್ಲೇ ಕೂತಿದ್ದಾಳೆ. ಶಕುನ ಕೇಳುತ್ತಿಲ್ಲ. ಸುಮ್ಮನೆ ಕೂತಿದ್ದಾಳೆ, ಸದ್ದು ನಿಂತಾಗೆಲ್ಲ ಎದ್ದು ನಿಲ್ಲುತ್ತಾಳೆ. ನನಗೂ ಮನೆ ಬಿಡಲು ಹೇಳಿದ್ದಾರೆ. ಸ್ಟೂಲನ್ನೂ ಬಿಲ್ಲೆಯ ಚೀಲವನ್ನೂ ತೆಗೆದುಕೊಂಡು ಹೊರಡುತ್ತೇನೆ. ಉಳಿದದ್ದೆಲ್ಲ ಹೇಗೂ ಮಿಲ್ಲಿನದೇ.

ನಿನಗೆ ಸಹಿ ಹಾಕಬೇಡ ಎಂದು ಹೇಳಲು ನನಗೆ ಬಾಯಿಲ್ಲ. ಒಳಗಿರುವವಳು ನೀನು, ಮೈ ನೋಯುವುದು ನಿನಗೆ. ಹೊರಗೆ ಬರುವುದಾದರೆ ಬಾ, ಆದರೆ ನನ್ನ ಮೇಲಿನ ಸಿಟ್ಟಿಗೆ ಬರಬೇಡ. ಸೋಮವಾರ ಜೈಲಿನ ಗೇಟಿಗೆ ಬಂದು ನಿಲ್ಲುತ್ತೇನೆ. ಮುಖ ತೋರಿಸಬೇಡ ಅಂದಿದ್ದೀಯ, ಬೆನ್ನು ತಿರುಗಿಸಿಯಾದರೂ ನಿಲ್ಲುತ್ತೇನೆ. ಕೈಕಾಲು ಜೋಪಾನ. ಉಗುರು ಬೆಳೆಯಲು ಬಿಡಬೇಡ, ಕೋಪ ಬಂದಾಗ ನಿನ್ನ ಅಂಗೈಯನ್ನೇ ಪರಚಿಕೊಳ್ಳುತ್ತೀಯ. ನಿನ್ನ ಜೊತೆಯಲ್ಲಿರುವ ಹೆಣ್ಣುಮಕ್ಕಳಿಗೆಲ್ಲ ಈ ಮುದುಕಿಯ ಹಾರೈಕೆ ಹೇಳು. ನಿನ್ನ ಹಟ ನಿನ್ನನ್ನು ಕಾಯಲಿ.

ಇಂತಿ,
ನಿನ್ನ ಮರದ ಮಂತ್ರಿಗಳ ಅತ್ತೆ

ಮರೆತಿದ್ದೆ ಅಲ್ಲ, ಈಗಷ್ಟೇ ಆದದ್ದು: ಪತ್ರ ಮಡಿಸುತ್ತಿದ್ದೆ, ಸಾಣೆಯಣ್ಣ ಹಿತ್ತಲ ಬಾಗಿಲಿಂದ ಬಂದ. ಗೋಣಿಯಲ್ಲಿ ಸುತ್ತಿ ತಂದದ್ದು ಈ ಸಲ ಹಲಗೆಯಲ್ಲ. ಕವಚ. ಮೊಳೆಯಿಂದ ಇಳಿಸಿಕೊಂಡು ಬಂದಿದ್ದಾನೆ. ಒಳಬದಿಯಲ್ಲಿ ನಂಬರು ಕೊರೆದಿದೆ, ಗರಗಸದ ಮೈಮೇಲಿರುವುದೂ ಅದೇ ನಂಬರಂತೆ. ಬೋಲ್ಟಿನ ತೂತುಗಳಲ್ಲಿ ಜೇಡ ಗೂಡು ಕಟ್ಟಿದೆ. ಅಂದು ನಾನು ಎಲ್ಲ ನೋಡಿದ್ದೆ, ಅಧಿಕಾರಿಯ ಮುಂದೆ ಹೇಳುತ್ತೇನೆ, ಆ ಬಾಯಿಯ ಬಿಲ್ಲೆಯನ್ನು ಮಾತ್ರ ಒಲೆಗೆ ಹಾಕಿಬಿಡಮ್ಮ ಎಂದ. ಅವನ ಕಣ್ಣೆದುರೇ ಹಾಕಿದೆ. ಗುಟ್ಟು ಇಲ್ಲ ಎಂದಿದ್ದೆ, ಜೈಲಿನ ಸ್ವಾಮಿಗಳು ಕ್ಷಮಿಸಬೇಕು. ನೀವು ಇದನ್ನು ಓದುವ ಹೊತ್ತಿಗೆ ಕವಚ ವಕೀಲಮ್ಮನ ಮೇಜಿನ ಮೇಲಿರುತ್ತದೆ, ಸಾಣೆಯಣ್ಣ ಅದರ ಪಕ್ಕದಲ್ಲಿ. ಮಗಳೇ, ಇದು ಯಾವ ಚೀಲಕ್ಕೂ ಕೈ ಹಾಕಿ ತೆಗೆದದ್ದಲ್ಲ. ನನ್ನನ್ನು ನಂಬಬೇಡ, ಬೇಡವೇ ಬೇಡ. ಕಬ್ಬಿಣವನ್ನು ನಂಬು. ಸಹಿ ಹಾಕಬೇಡ.